ಆಲೆಮನೆ ಕಟ್ಟೋದಕ್ಕೆ ಮೂರು ಕೊಟೇಶನ್ ಬಂದಿದೆ: ಲಂಪ್‌ಸಮ್ಮಾ, ಐಟಂ ರೇಟಾ, ಪರ್ಸೆಂಟೇಜಾ?

ಬೆಲ್ಲದಚ್ಚು (ಪಾಂಡವಪುರ):
ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿ, ನಾನು ಅದರ ಡೈರೆಕ್ಟರುಗಳಲ್ಲಿ ಒಬ್ಬಳು. ಮಂಡ್ಯ ಜಿಲ್ಲೆಗೆ "ಒಂದು ಜಿಲ್ಲೆ ಒಂದು ಉತ್ಪನ್ನ" ಅಂತ ಬೆಲ್ಲವನ್ನೇ ಗುರುತಿಸಿರೋದು ನಿಮಗೆಲ್ಲ ಗೊತ್ತು. ನಾವೂ ಕೆಮಿಕಲ್ ಹಾಕದ ಬೆಲ್ಲಕ್ಕೆ ಒಂದು ಆಲೆಮನೆ ಹಾಕೋಣ ಅಂತ ಹೊರಟಿದ್ದೀವಿ. ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ, ಕೊಟೇಶನ್ ಕೇಳಿದ್ದಾರೆ.

ಬೇಕಾಗಿರೋದು ಇಷ್ಟು: 5,000 ಚದರಡಿ ಶೆಡ್ಡು, ಗಾಣ, ಕೊಪ್ಪರಿಗೆಗಳ ಒಲೆ ಸಾಲು, ಅಚ್ಚು ಹಾಕೋ ಕೋಣೆ, ಪ್ಯಾಕಿಂಗ್ ಕೋಣೆ, ಒಂದು ಬೋರ್‌ವೆಲ್, ತ್ರೀ ಫೇಸ್ ಕರೆಂಟು.

ಮೊದಲನೆಯವರು ಎಲ್ಲಾ ಸೇರಿಸಿ 1 ಕೋಟಿ 18 ಲಕ್ಷಕ್ಕೆ ಬೀಗದ ಕೈ ಕೊಡ್ತೀವಿ ಅಂತಾರೆ. ಎರಡನೆಯವರು ಶೆಡ್ಡು ಮಾತ್ರ ಮಾಡ್ತಾರೆ, ಚದರಡಿ ಲೆಕ್ಕ. ಮೆಷಿನ್ನು ನೀವೇ ನೋಡ್ಕೊಳ್ಳಿ ಅಂದರು. ಮೂರನೆಯವರು "ಬಿಲ್ಲು ತೋರಿಸ್ತೀನಿ, ಖರ್ಚಾದಷ್ಟು ಕೊಡಿ, ಅದರ ಮೇಲೆ ನೂರಕ್ಕೆ ಹತ್ತು ನನಗೆ" ಅಂತಾರೆ. ಬೋರ್ಡಿನಲ್ಲಿ ಎಲ್ಲರೂ ಕಡಿಮೆ ಯಾವುದು ಅಂತ ಕೇಳ್ತಿದ್ದಾರೆ. ಮೂರೂ ಬೇರೆ ಬೇರೆ ಲೆಕ್ಕದಲ್ಲಿರುವಾಗ ಕಡಿಮೆ ಯಾವುದು ಅಂತ ಹೇಳೋದಾದರೂ ಹೇಗೆ? ಅನುಭವ ಇರೋರು ದಯವಿಟ್ಟು ಹೇಳಿ.

ನಾಲೆ ಏರಿ:
ಅಕ್ಕ, ತಲೆ ಕೆಡಿಸ್ಕೋಬೇಡಿ. ಮೊದಲ್ನೇ ಪಾರ್ಟಿಗೆ ಕೊಟ್ಬುಡಿ. ಹತ್ತು ಜನರ ಹಿಂದೆ ಅಲೆಯೋದಕ್ಕಿಂತ ಒಬ್ಬನ ಕುತ್ತಿಗೆ ಪಟ್ಟಿ ಹಿಡಿಯೋದು ವಾಸಿ. ನೀವು ರೈತರು, ಕಂಟ್ರಾಕ್ಟ್ ಕೆಲಸ ನಿಮ್ದಲ್ಲ.

ಮದ್ದೂರು ಕಂಟ್ರಾಕ್ಟರ್:
ನಾನು ಇದೇ ಕಸುಬಿನವನು, ಒಳಗಿನ ಮಾತು ಯೋಳ್ತೀನಿ ಕೇಳಿ ಅಕ್ಕ. ಲಂಪ್‌ಸಮ್ ರೇಟ್, ಅಂದ್ರೆ ಎಲ್ಲಾ ಸೇರಿಸಿ ಒಂದೇ ಮೊತ್ತ, ಕೊಡುವಾಗ ನಮಗೆ ಗೊತ್ತಿಲ್ಲದ್ದಕ್ಕೆಲ್ಲ ದುಡ್ಡು ಸೇರಿಸ್ಕಂಡೇ ಕೊಡೋದು. ನಿಮ್ಮ ಜಾಗದಲ್ಲಿ ಪಾಯ ತೆಗೆದ್ರೆ ಬಂಡೆ ಸಿಕ್ತದೋ, ನಾಲೆ ನೀರು ಜಿನುಗ್ತದೋ ನನಗೇನು ಗೊತ್ತು? ಬಂಡೆ ಸಿಕ್ತದೆ ಅಂತಲೇ ಲೆಕ್ಕ ಹಾಕ್ತೀನಿ. ಸಿಗದೇ ಇದ್ರೆ ಅದು ನನ್ನ ಜೇಬಿಗೆ. ನಾನು ಅಂದ್ಕಂಡಿದ್ದಕ್ಕಿಂತ ಜಾಸ್ತಿ ಸಿಕ್ತು ಅಂದ್ರೆ? ಕಂಬಿ ಸಣ್ಣದಾಯ್ತದೆ, ಬಣ್ಣ ಒಂದೇ ಸಲ ಬಳಿದು ನಿಲ್ತದೆ, ಇಲ್ಲ ಕೆಲಸ ಅರ್ಧಕ್ಕೆ ನಿಲ್ಲಿಸಿ "ಇದು ಎಕ್ಸ್‌ಟ್ರಾ ಐಟಂ" ಅಂತ ಕೂತ್ಕೋತೀನಿ. ಎಲ್ಲರೂ ಹಿಂಗೇ ಅಂತಲ್ಲ. ಆದ್ರೆ ಲೆಕ್ಕ ಹಿಂಗೇ ಓಡೋದು.

ಡ್ರಾಯಿಂಗು ಆಗದೆ?

ಬೆಲ್ಲದಚ್ಚು:
ಇಲ್ಲಣ್ಣ. ಒಂದು ಸ್ಕೆಚ್ ಇದೆ ಅಷ್ಟೇ. ಮೊದಲನೆಯವರು "ಡಿಸೈನ್ ನಮ್ಮದೇ" ಅಂದಿದ್ದಾರೆ.

ಮದ್ದೂರು ಕಂಟ್ರಾಕ್ಟರ್:
ಹಂಗಾದ್ರೆ ಆ 1 ಕೋಟಿ 18 ಲಕ್ಷ ಯಾತಕ್ಕೆ ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ನಿವೃತ್ತ ಎಇಇ (ಸರಸ್ವತಿಪುರಂ, ಮೈಸೂರು):
ಮೇಲಿನವರು ಹೇಳಿದ್ದು ಸರಿ. ಸ್ವಲ್ಪ ವಿಸ್ತರಿಸುತ್ತೇನೆ. ಲಂಪ್‌ಸಮ್ ತಪ್ಪಲ್ಲ, ಕೆಲಸದ ವ್ಯಾಪ್ತಿ ಪೂರ್ತಿ ಗೊತ್ತಿರುವಾಗ ಅದಕ್ಕಿಂತ ನೆಮ್ಮದಿಯದು ಇನ್ನೊಂದಿಲ್ಲ. ವ್ಯಾಪ್ತಿ ಗೊತ್ತು, ಪ್ರಮಾಣ ಗೊತ್ತಿಲ್ಲ ಎಂದಾಗ ಐಟಂ ರೇಟ್. ಸರ್ಕಾರಿ ಕಾಮಗಾರಿಗಳಲ್ಲಿ ನಾವು ಹೆಚ್ಚಾಗಿ ಮಾಡಿಸುತ್ತಿದ್ದುದು ಇದನ್ನೇ. ಪಾಯದ ಅಗೆತವನ್ನೇ ತೆಗೆದುಕೊಳ್ಳಿ: ಮಣ್ಣಿಗೆ ಒಂದು ದರ, ಮೆದು ಬಂಡೆಗೆ ಒಂದು, ಗಟ್ಟಿ ಬಂಡೆಗೆ ಇನ್ನೊಂದು, ಎಲ್ಲವೂ ಘನ ಮೀಟರ್ ಲೆಕ್ಕ. ಬಂಡೆ ಸಿಕ್ಕಿದರೆ ಅಳೆದು ಕೊಡುತ್ತೀರಿ, ಸಿಗದಿದ್ದರೆ ಇಲ್ಲ. ಬಂಡೆಯ ಭಯಕ್ಕೆ ಮುಂಚಿತವಾಗಿ ದುಡ್ಡು ಕೊಡುವ ಪ್ರಶ್ನೆ ಬರುವುದಿಲ್ಲ.

ಐಟಂ ರೇಟಿನಲ್ಲೂ ಮೋಸದ ದಾರಿಗಳಿವೆ. ಮೊದಲು ಆಗುವ ಕೆಲಸಗಳಿಗೆ, ಅಂದರೆ ಅಗೆತ, ಪಾಯದ ಕಾಂಕ್ರೀಟಿಗೆ, ಏರಿಸಿದ ದರ ಹಾಕಿ, ಕೊನೆಯ ಗಿಲಾವು, ನೆಲ, ಬಣ್ಣಕ್ಕೆ ನಷ್ಟದ ದರ ಹಾಕುವುದು ಹಳೆಯ ಚಾಳಿ. ಒಟ್ಟು ಮೊತ್ತ ನೋಡಿದರೆ ಅವನೇ ಎಲ್-1, ಅಂದರೆ ಅತಿ ಕಡಿಮೆ ದರದವನು. ಎರಡು ಬಿಲ್ಲು ಎತ್ತಿಕೊಂಡ ಮೇಲೆ ಆತನಿಗೆ ಕೆಲಸದಲ್ಲಿ ಆಸಕ್ತಿ ಉಳಿಯುವುದಿಲ್ಲ. ಆದ್ದರಿಂದ ಒಟ್ಟು ಮೊತ್ತ ನೋಡುವ ಮೊದಲು ಪ್ರತಿ ಐಟಂನ ದರವನ್ನು ಲೋಕೋಪಯೋಗಿ ಇಲಾಖೆಯ ಎಸ್‌ಆರ್ (ನಿಗದಿತ ದರಪಟ್ಟಿ) ದರದ ಪಕ್ಕ ಇಟ್ಟು ನೋಡಿ.

ಇನ್ನೊಂದು. ಮೂರು ಕೊಟೇಶನ್ ಹೋಲಿಸಲು ಆಗುತ್ತಿಲ್ಲ ಎಂದಿರಿ. ಹೋಲಿಸಲೇಬಾರದು. ನೀವೇ ಒಂದು ಬಿಓಕ್ಯು, ಅಂದರೆ ಪ್ರತಿ ಕೆಲಸದ ಪ್ರಮಾಣದ ಪಟ್ಟಿ, ಮಾಡಿಸಿ, ಖಾಲಿ ದರದ ಕಾಲಂ ಬಿಟ್ಟು ಎಲ್ಲರಿಗೂ ಅದನ್ನೇ ಕೊಡಿ. ಆಗ ಬರುವುದೇ ಕೊಟೇಶನ್.

ಬೆಲ್ಲದಚ್ಚು:
ಸರ್, ತುಂಬಾ ಉಪಕಾರ. ಆದರೆ ಅಳೆಯೋರು ಯಾರು? ನಮ್ಮಲ್ಲಿ ಇಂಜಿನಿಯರ್ ಇಲ್ಲ.

ನಿವೃತ್ತ ಎಇಇ:
ಒಬ್ಬ ಸೈಟ್ ಇಂಜಿನಿಯರನ್ನು ಕೆಲಸ ಮುಗಿಯುವವರೆಗೆ ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳಿ. ಎಂಬಿ (ಅಳತೆ ಪುಸ್ತಕ) ಬರೆಯುವುದು ಬ್ರಹ್ಮವಿದ್ಯೆಯಲ್ಲ. ಉದಾಹರಣೆಗೆ ಕಬ್ಬಿಣ: ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ಸರಳು ಮೀಟರಿಗೆ 0.89 ಕಿಲೋ. ಕಾಂಕ್ರೀಟ್ ಹಾಕುವ ಮುಂಚೆ ಸರಳು ಎಣಿಸಿ ಬರೆದು, ಕಂಟ್ರಾಕ್ಟರ್ ಕೈಲಿ ಅಲ್ಲೇ ಸಹಿ ಹಾಕಿಸಬೇಕು. ಹಾಕಿದ ಮೇಲೆ ಎಣಿಸಲಾಗದು.

ಹೆಬ್ಬಾಳ ರಿಂಗ್ ರೋಡ್ (ಮೈಸೂರು):
ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಸಿಮೆಂಟು ಗೊತ್ತಿಲ್ಲ. ಆದರೆ ನಮ್ಮಲ್ಲೂ ಇದೇ ಜಗಳ ದಿನಾ ಇರುತ್ತೆ. ಗ್ರಾಹಕನಿಗೆ ಏನು ಬೇಕು ಅಂತ ಅವನಿಗೇ ಗೊತ್ತಿಲ್ಲದಿದ್ದಾಗ ಫಿಕ್ಸೆಡ್ ಪ್ರೈಸ್ ಒಪ್ಪಿಕೊಂಡರೆ ಆಮೇಲೆ ಪ್ರತಿ ವಾರ "ಇದು ಮೊದಲೇ ಇತ್ತು, ಇದು ಹೊಸದು" ಅನ್ನೋ ವಾದದಲ್ಲೇ ಜೀವ ಹೋಗುತ್ತೆ. ಹಾಗಾಗಿ ಅಂಥ ಕಡೆ ಟೈಮ್ ಅಂಡ್ ಮೆಟೀರಿಯಲ್: ಇಷ್ಟು ಜನ, ಇಷ್ಟು ಗಂಟೆ, ಇಷ್ಟು ದರ. ಜೆಸಿಬಿಗೆ ಗಂಟೆ ಲೆಕ್ಕ ಕೊಡ್ತೀರಲ್ಲ, ಅದೇ. ಗಂಟೆ ಲೆಕ್ಕದಲ್ಲಿ ಮೆಲ್ಲಗೆ ಮಾಡಿದವನಿಗೇ ಲಾಭ, ಆದ್ದರಿಂದ "ಇದಕ್ಕಿಂತ ಮೇಲೆ ಕೇಳದೆ ಹೋಗಬಾರದು" ಅಂತ ಒಂದು ಮಿತಿ ಬರೆದಿಡಬೇಕು.

ಮೂರನೆಯವರ ಪರ್ಸೆಂಟೇಜ್ ಬಗ್ಗೆ: ಅದು ಬೇಡವೇ ಬೇಡ. ಖರ್ಚು ಹೆಚ್ಚಾದಷ್ಟೂ ಅವರ ಹತ್ತು ಪರ್ಸೆಂಟು ದೊಡ್ಡದಾಗುತ್ತೆ. ಅಮೆರಿಕದ ಫೆಡರಲ್ ಸರ್ಕಾರದ ಖರೀದಿ ನಿಯಮದಲ್ಲಿ ಈ ತರಹದ್ದನ್ನ ನಿಷೇಧಿಸಿಯೇ ಬಿಟ್ಟಿದ್ದಾರೆ. ಖರ್ಚಿನ ಲೆಕ್ಕವೇ ಬೇಕು ಅಂದ್ರೆ ಫೀಸನ್ನ ರೂಪಾಯಿಯಲ್ಲಿ ಮೊದಲೇ ಕಟ್ಟಿಹಾಕಿ.

ಇನ್ನೊಂದು ದಾರಿ ಇದೆ. ಶೆಡ್ಡಿಗೆ ಅಂದಾಜು ವೆಚ್ಚ 40 ಲಕ್ಷ, ಲಾಭ 4 ಲಕ್ಷ, ಒಟ್ಟು 44 ಅಂತ ಇಟ್ಕೊಳ್ಳಿ. ಮೇಲೆ ಹೋದದ್ದು, ಉಳಿದದ್ದು ಎರಡನ್ನೂ ಅರ್ಧರ್ಧ ಹಂಚಿಕೊಳ್ಳೋದು. ಗರಿಷ್ಠ ಬೆಲೆ 48 ಲಕ್ಷ. ವೆಚ್ಚ 36ಕ್ಕೇ ಮುಗಿದರೆ ನೀವು ಕೊಡೋದು 42: ಅವರ ಲಾಭ 6 ಆಯ್ತು, ನಿಮಗೂ 2 ಉಳಿಯಿತು. ವೆಚ್ಚ 46 ಆದರೆ ನೀವು 47 ಕೊಡ್ತೀರಿ, ಅವರ ಲಾಭ 1ಕ್ಕೆ ಇಳಿಯುತ್ತೆ. 48 ದಾಟಿದ ಮೇಲೆ ಪ್ರತಿ ರೂಪಾಯಿಯೂ ಅವರದೇ ನಷ್ಟ. ಇಬ್ಬರಿಗೂ ಉಳಿಸೋ ಆಸೆ ಹುಟ್ಟುತ್ತೆ.

ಮದ್ದೂರು ಕಂಟ್ರಾಕ್ಟರ್:
ಸರ್, ಕಾಗದದ ಮೇಲೆ ಚೆನ್ನಾಗದೆ. ಆದ್ರೆ ನನ್ನ ವೆಚ್ಚ 46 ಆಯ್ತಾ 41 ಆಯ್ತಾ ಅಂತ ಅಕ್ಕನಿಗೆ ಯೋಳೋರು ಯಾರು? ಜಲ್ಲಿ ಕ್ರಷರ್‌ನಲ್ಲಿ ನನ್ನ ದೋಸ್ತ್ ಅವ್ನೆ, ಯಾವ ರೇಟಿಗೆ ಬೇಕಾದ್ರೂ ಬಿಲ್ ಬರ್ಕೊಡ್ತಾನೆ. ಈ ಪದ್ಧತಿ ನಡೀಬೇಕು ಅಂದ್ರೆ ನನ್ನ ಪುಸ್ತಕ ತೆರೆದು ನೋಡೋ ಆಡಿಟರ್ ಬೇಕು. 44 ಲಕ್ಷದ ಶೆಡ್ಡಿಗೆ ಅದು ಅತಿಯಾಯ್ತದೆ.

ಹೆಬ್ಬಾಳ ರಿಂಗ್ ರೋಡ್:
ಒಪ್ಪಿದೆ. ಪುಸ್ತಕ ತೆರೆಯದೆ ಈ ಲೆಕ್ಕ ನಡೆಯಲ್ಲ.

ಕುಕ್ಕರಹಳ್ಳಿ ವಾಕಿಂಗ್:
ಖರ್ಚು ಪ್ಲಸ್ ಫೀಸು ಅನ್ನೋದನ್ನ ಪೂರ್ತಿ ತಳ್ಳಿಹಾಕಬೇಡಿ. ನಮ್ಮ ಮೈಸೂರಿನ ಹಳೇ ಕಟ್ಟಡಗಳನ್ನೇ ನೋಡಿ. ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಬಿತ್ತು, ದೇವರಾಜ ಮಾರುಕಟ್ಟೆಯದು 2016ರಲ್ಲಿ. ಅಂಥ ಕಡೆ ಸುಣ್ಣದ ಗಾರೆಯ ಗೋಡೆ ಬಿಚ್ಚೋವರೆಗೂ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗಲ್ಲ. ಅದನ್ನ ಲಂಪ್‌ಸಮ್ ಅಂತ ಕೊಟ್ಟರೆ ಕಂಟ್ರಾಕ್ಟರ್ ಸಿಮೆಂಟು ಬಳಿದು ಮುಚ್ಚಿ ಹೋಗ್ತಾನೆ. ಅಲ್ಲಿ ಖರ್ಚಿನ ಲೆಕ್ಕವೇ ಸರಿ, ಜೊತೆಗೆ ಪಕ್ಕದಲ್ಲೇ ನಿಂತು ನೋಡೋ ಪರಿಣತರು ಬೇಕು.

ದಶಪಥ ಪ್ರಯಾಣಿಕ:
ಅದೆಲ್ಲ ಬಿಡಿ, ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿ ಹೇಗೆ ಮಾಡಿದ್ರು? ಅದೂ ಒಂದು ಕಾಂಟ್ರಾಕ್ಟ್ ಅಲ್ವಾ?

ನಿವೃತ್ತ ಎಇಇ:
ಅದು ಹೈಬ್ರಿಡ್ ಆನ್ಯುಯಿಟಿ. ವೆಚ್ಚದ ಶೇ. 40ರಷ್ಟನ್ನು ಕಟ್ಟುವಾಗಲೇ ಸರ್ಕಾರ ಕೊಡುತ್ತದೆ. ಉಳಿದದ್ದನ್ನು ಕಟ್ಟಿದವರೇ ಹೊಂದಿಸಿ, ಆಮೇಲೆ ವರ್ಷಗಟ್ಟಲೆ ಕಂತಿನಲ್ಲಿ ವಾಪಸ್ ಪಡೆಯುತ್ತಾರೆ. ನಿರ್ವಹಣೆಯೂ ಅವರದೇ. ಟೋಲ್ ಕಡಿಮೆ ಬಂದರೆ ಆ ನಷ್ಟ ಹೆದ್ದಾರಿ ಪ್ರಾಧಿಕಾರದ್ದು, ಗುತ್ತಿಗೆದಾರರದ್ದಲ್ಲ. ಆಲೆಮನೆಗೂ ಇದಕ್ಕೂ ಸಂಬಂಧವಿಲ್ಲ, ಇಲ್ಲಿಗೆ ಸಾಕು.

ಕಡಕೊಳ ಫ್ಯಾಬ್ರಿಕೇಟರ್:
ಸ್ಟೀಲ್ ಕೆಲಸ ನನ್ನದು, ಎರಡು ಮಾತು ಹೇಳ್ತೀನಿ.

ಶೆಡ್ಡಿನ ಟ್ರಸ್ಸಿಗೆ (ಚಾವಣಿ ಹೊರೋ ಕಬ್ಬಿಣದ ಚೌಕಟ್ಟು) ಎರಡನೆಯವರು ಚದರಡಿ ರೇಟು ಕೊಟ್ಟಿದ್ದಾರೆ ಅಂದ್ರಿ. ಚದರಡಿ ಲೆಕ್ಕ ಕೊಟ್ರೆ ಪೈಪು ತೆಳ್ಳಗಾಗುತ್ತೆ. 3 ಎಂಎಂ ಗೋಡೆಯ ಪೈಪಿನ ಜಾಗದಲ್ಲಿ 2 ಎಂಎಂ ಬಂದು ಕೂರುತ್ತೆ, ಬಣ್ಣ ಹೊಡೆದ ಮೇಲೆ ಕೆಳಗೆ ನಿಂತವರಿಗೆ ಕಾಣಲ್ಲ. ಹಾಗಂತ ಕೆಜಿ ಲೆಕ್ಕ ಕೊಟ್ರೆ? ಬೇಡದ ಕಡೆಯೆಲ್ಲ ದಪ್ಪ ಪೈಪು, ನಾಲ್ಕು ಕಡೆ ಹೆಚ್ಚಿಗೆ ಪ್ಲೇಟು. ಯಾವ ಅಳತೆಗೆ ದುಡ್ಡು ಕೊಡ್ತೀರೋ ಅದು ಬೆಳೆಯುತ್ತೆ, ಯಾವುದಕ್ಕೆ ಕೊಡಲ್ಲವೋ ಅದು ಸೊರಗುತ್ತೆ. ಅದಕ್ಕೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಡ್ರಾಯಿಂಗ್ ಮಾಡಿಸಿ, ಅದರಲ್ಲಿ ಪ್ರತಿ ಪೈಪಿನ ಸೈಜು, ದಪ್ಪ, ಒಟ್ಟು ತೂಕ ಇರಲಿ. ಆಮೇಲೆ ಕೆಜಿ ಲೆಕ್ಕ ಕೊಡಿ, ಡ್ರಾಯಿಂಗಿನ ತೂಕಕ್ಕಿಂತ ಮೇಲೆ ಕೊಡಲ್ಲ ಅಂತ ಬರೀರಿ. ಲಾರಿ ಬಂದಾಗ ವೇಬ್ರಿಡ್ಜ್ ಚೀಟಿ ತಗೊಳ್ಳಿ, ನಾಲ್ಕು ಪೈಪು ಕತ್ತರಿಸಿದ ಕಡೆ ವರ್ನಿಯರ್ ಇಟ್ಟು ನೋಡಿ.

ಇನ್ನು ಕೊಪ್ಪರಿಗೆ, ರಸದ ಟ್ಯಾಂಕು. ಕೊಟೇಶನ್ನಿನಲ್ಲಿ ಬರೀ "ಎಸ್‌ಎಸ್" (ಸ್ಟೇನ್‌ಲೆಸ್ ಸ್ಟೀಲ್) ಅಂತಿದ್ರೆ ಸಾಲದು, "ಎಸ್‌ಎಸ್ 304" ಅಂತಿರಬೇಕು. ಮ್ಯಾಗ್ನೆಟ್ ಹಿಡಿದು ನೋಡಿ ಸಮಾಧಾನ ಮಾಡ್ಕೋಬೇಡಿ. 202 ಗ್ರೇಡಿಗೂ ಮ್ಯಾಗ್ನೆಟ್ ಅಂಟಲ್ಲ, ನೋಡೋದಕ್ಕೆ ಎರಡೂ ಒಂದೇ ತರಹ ಹೊಳೆಯುತ್ತೆ, ಬೆಲೆ ಮಾತ್ರ ಬೇರೆ. ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿರೋ ಹೀಟ್ ನಂಬರ್ (ಆ ಉಕ್ಕು ಕರಗಿಸಿದ ಬ್ಯಾಚಿನ ನಂಬರ್) ಶೀಟಿನ ಮೇಲಿದೆಯಾ ನೋಡಿ. ಶೀಟ್ ಕತ್ತರಿಸೋ ಮುಂಚೆಯೇ ಹೋಗಿ ನೋಡಬೇಕು, ಕೊಪ್ಪರಿಗೆ ಆದ ಮೇಲೆ ನಂಬರ್ ಸಿಗಲ್ಲ.

ಗಾಣಕ್ಕೆ ಫಿಕ್ಸೆಡ್ ಪ್ರೈಸೇ ಸರಿ. ಅದು ನಮ್ಮ ವರ್ಕ್‌ಶಾಪಿನಲ್ಲಿ ಆಗೋ ಕೆಲಸ, ಬಂಡೆಯೂ ಇಲ್ಲ ಮಳೆಯೂ ಇಲ್ಲ, ನಮಗೆ ವೆಚ್ಚ ಪಕ್ಕಾ ಗೊತ್ತು. ಆದರೆ ಕೊನೆ ಕಂತನ್ನ ಮೆಷಿನ್ ಇಳಿಸಿದ ದಿನಕ್ಕೆ ಕಟ್ಟಬೇಡಿ, ನಿಮ್ಮ ಕಬ್ಬು ಅರೆದು ತೋರಿಸಿದ ದಿನಕ್ಕೆ ಕಟ್ಟಿ. ಗಂಟೆಗೆ ಎಷ್ಟು ಟನ್, ನೂರು ಕಿಲೋ ಕಬ್ಬಿಗೆ ಎಷ್ಟು ಕಿಲೋ ರಸ, ಎಷ್ಟು ಗಂಟೆ ಸತತ ಓಡಬೇಕು, ಇಷ್ಟು ಒಪ್ಪಂದದಲ್ಲಿರಲಿ. ಖಾಲಿ ಓಡಿಸಿ ತೋರಿಸಿದ್ರೆ ಯಾವ ಗಾಣವೂ ಚೆನ್ನಾಗೇ ಓಡುತ್ತೆ. ನಮ್ಮವರೇ ನನ್ನ ಮೇಲೆ ಬೇಜಾರು ಮಾಡ್ಕೋತಾರೆ, ಪರವಾಗಿಲ್ಲ.

ಲೆಕ್ಕದಮ್ಮ (ಕುವೆಂಪುನಗರ):
ಅಕೌಂಟ್ಸ್ ಕಡೆಯಿಂದ ಸ್ವಲ್ಪ. ಎಲ್ಲಾ ಸೇರಿಸಿ ಒಂದೇ ಬಿಲ್ ಮಾಡಿಸಿದರೆ ಜಿಎಸ್‌ಟಿಯಲ್ಲಿ ಪೆಟ್ಟು ತಿನ್ನುತ್ತೀರಿ. ಸ್ಥಿರಾಸ್ತಿ ಕಟ್ಟಿಸಿದ ವರ್ಕ್ಸ್ ಕಾಂಟ್ರಾಕ್ಟಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ. ಶೆಡ್ಡಿನ ಮೇಲಿನ ಶೇ. 18 ನಿಮ್ಮ ವೆಚ್ಚವೇ. ಯಂತ್ರ, ಯಂತ್ರದ ಪಾಯ, ಅದನ್ನು ಹಿಡಿದು ನಿಲ್ಲಿಸುವ ಸ್ಟ್ರಕ್ಚರ್ ಮಾತ್ರ ಈ ನಿರ್ಬಂಧದ ಹೊರಗೆ. ಹಾಗಾಗಿ ಗಾಣದ ಪಾಯವನ್ನು ಶೆಡ್ಡಿನ ಬಿಲ್ಲಿನಲ್ಲೂ ಪ್ರತ್ಯೇಕ ಐಟಂ ಆಗಿ ತೋರಿಸಿ. ಆದರೆ ಬೆಲ್ಲವನ್ನು ಸುಮ್ಮನೆ ಬಿಡಿಯಾಗಿ ಮಂಡಿಗೆ ಹಾಕಿದರೆ ಅದಕ್ಕೆ ತೆರಿಗೆಯೇ ಇಲ್ಲ, ಆಗ ಯಂತ್ರದ ಕ್ರೆಡಿಟ್ಟೂ ಇಲ್ಲ. ಲೇಬಲ್ ಹಾಕಿ ಪ್ಯಾಕ್ ಮಾಡಿ ಮಾರಿದರೆ ಶೇ. 5 ತೆರಿಗೆ, ಕ್ರೆಡಿಟ್ ಬಳಸಿಕೊಳ್ಳಬಹುದು. ನಿಮ್ಮದು ಪ್ಯಾಕಿಂಗ್ ಕೋಣೆ ಇದೆಯಲ್ಲ, ಎಷ್ಟು ಪಾಲು ಪ್ಯಾಕ್ ಆಗುತ್ತದೆ ಅನ್ನುವುದರ ಮೇಲೆ ಲೆಕ್ಕ.

ಗುತ್ತಿಗೆ ಹಣದಲ್ಲಿ ಟಿಡಿಎಸ್ (ಮೂಲದಲ್ಲೇ ಆದಾಯ ತೆರಿಗೆ ಕಡಿತ) ಹಿಡಿಯಬೇಕು: ವ್ಯಕ್ತಿಗೆ ಶೇ. 1, ಫರ್ಮು-ಕಂಪನಿಗೆ ಶೇ. 2. ಒಂದು ಪಾವತಿ 30,000 ದಾಟಿದರೆ ಅಥವಾ ವರ್ಷದಲ್ಲಿ 1 ಲಕ್ಷ ದಾಟಿದರೆ.

ಯಂತ್ರ ಕೊಡುವವರು ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮ ಆಗಿರುವ ಸಾಧ್ಯತೆ ಜಾಸ್ತಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಈ ದಿನಗಳನ್ನು ಎಣಿಸುವುದು ಮಾಲು ನಿಮಗೆ ತಲುಪಿದ ದಿನದಿಂದ; ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಕೊಟ್ಟಿದ್ದರೆ, ಅದನ್ನು ಅವರು ಸರಿಪಡಿಸಿದ ದಿನದಿಂದ. ಹಾಗಾಗಿ ಕಬ್ಬು ಅರೆಯುವ ಟ್ರಯಲ್ ಆ 15 ದಿನದೊಳಗೇ ಆಗಬೇಕು ಅಂತ ಒಪ್ಪಂದದಲ್ಲೇ ಬರೆಯಿರಿ. ಟ್ರಯಲ್‌ನಲ್ಲಿ ದೋಷ ಕಂಡರೆ ಅಷ್ಟರೊಳಗೆ ಬರವಣಿಗೆಯಲ್ಲಿ ತಿಳಿಸಬೇಕು, ಬಾಯಿಮಾತು ಲೆಕ್ಕಕ್ಕಿಲ್ಲ.

ಬೆಲ್ಲದಚ್ಚು:
ಮೇಡಂ, ಪಾಯವನ್ನ ಬೇರೆ ಐಟಂ ಮಾಡೋ ವಿಚಾರ ನಮ್ಮ ಆಡಿಟರೂ ಹೇಳಿರಲಿಲ್ಲ. ಧನ್ಯವಾದ.

ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತು, ಸಂಕೋಚ ಆಯ್ತು. ಆ ಪರ್ಸೆಂಟೇಜಿನವರು ನಮ್ಮ ಬೋರ್ಡಿನ ಒಬ್ಬ ಡೈರೆಕ್ಟರ ಭಾವಮೈದ. "ನಮ್ಮೋರೇ ಇದ್ದಾರೆ, ಮೋಸ ಆಗಲ್ಲ" ಅಂತ ಇಬ್ಬರು ಹಿರಿಯರು ಒಲವು ತೋರಿಸ್ತಿದ್ದಾರೆ. ಆ ಡೈರೆಕ್ಟರು ನನಗೆ ಅಣ್ಣನ ಹಾಗೆ, ಮುಖ ಮುರಿದು ಹೇಳೋದು ಕಷ್ಟ.

ಕರಿಕೋಟು (ಮಂಡ್ಯ):
ಮೇಡಂ, ಮುಖ ಮುರಿಯಬೇಕಾಗಿಲ್ಲ, ಸಭೆಯ ನಡಾವಳಿಯಲ್ಲಿ ಬರೆಸಿದರೆ ಸಾಕು. ಡೈರೆಕ್ಟರಿಗೆ ಗುತ್ತಿಗೆಯಲ್ಲಿ ಹಿತಾಸಕ್ತಿ ಇದ್ದರೆ ಬೋರ್ಡಿಗೆ ತಿಳಿಸಬೇಕು. ಅವರು ಹೇಳಿಕೊಳ್ಳಲಿ, ಆ ವಿಷಯ ಬಂದಾಗ ಹೊರಗೆ ಕೂರಲಿ, ವೋಟು ಹಾಕದಿರಲಿ. ಅವರ ಭಾವಮೈದ ಕೊಟೇಶನ್ ಹಾಕಬಾರದು ಅಂತ ನಾನು ಹೇಳಲ್ಲ. ಎಲ್ಲರ ಜೊತೆ ಅದೇ ಬಿಓಕ್ಯು ತುಂಬಿ, ಮುಚ್ಚಿದ ಲಕೋಟೆಯಲ್ಲಿ ಹಾಕಲಿ. ಷೇರುದಾರ ರೈತರು ನಾಳೆ ವಾರ್ಷಿಕ ಸಭೆಯಲ್ಲಿ ಕೇಳಿದಾಗ ಉತ್ತರ ಕೊಡೋಕೆ ಕಾಗದ ಇರಬೇಕು.

ನಿವೃತ್ತ ಎಇಇ:
ಸರ್ಕಾರದಲ್ಲಾದರೆ 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ), 2000ದ ನಿಯಮಗಳು ಇದನ್ನೆಲ್ಲ ಹೇಳುತ್ತವೆ. ನಿಮ್ಮದು ಖಾಸಗಿ ರೈತರ ಕಂಪನಿಯಾದ್ದರಿಂದ ಅದು ನೇರವಾಗಿ ತಾಗದು, ಸಬ್ಸಿಡಿ ಯೋಜನೆಯ ಮಾರ್ಗಸೂಚಿ ಮಾತ್ರ ಓದಿಕೊಳ್ಳಿ. ಆದರೂ ಅಲ್ಲಿನ ಎರಡು ಲಕೋಟೆ ಪದ್ಧತಿಯನ್ನು ಎರವಲು ಪಡೆಯಬಹುದು. ಮೊದಲ ಲಕೋಟೆಯಲ್ಲಿ ಅನುಭವ, ಹಿಂದಿನ ಕೆಲಸ, ಜಿಎಸ್‌ಟಿ ನೋಂದಣಿ. ಅದರಲ್ಲಿ ಪಾಸಾದವರ ದರದ ಲಕೋಟೆ ಮಾತ್ರ ಒಡೆಯುವುದು. ಅವರು ಕಟ್ಟಿದ ಹಿಂದಿನ ಒಂದು ಶೆಡ್ಡಿಗೆ ಹೋಗಿ ಅದರ ಮಾಲೀಕರ ಜತೆ ಟೀ ಕುಡಿದು ಬನ್ನಿ, ಪ್ರಮಾಣಪತ್ರಕ್ಕಿಂತ ಅದು ಮೇಲು.

ನಾಲೆ ಏರಿ:
ಎಲ್ಲಾ ಸರಿ, ನನ್ನ ಮಾತಿಗೂ ಒಂದು ಬೆಲೆ ಇರಲಿ. ನೀವೆಲ್ಲ ಸೇರಿ ಒಂದು ಕೆಲಸವನ್ನ ಐದು ತುಂಡು ಮಾಡಿದ್ರಿ. ಗಾಣದವನು ಬಂದು "ಪಾಯದ ಬೋಲ್ಟು ಸರಿಯಾಗಿ ಕೂತಿಲ್ಲ" ಅಂತಾನೆ, ಪಾಯದವನು "ಅವನು ಕೊಟ್ಟ ಅಳತೇನೇ ತಪ್ಪು" ಅಂತಾನೆ. ಕರೆಂಟಿನವನು "ಮೋಟರು ಎಷ್ಟು ಎಚ್‌ಪಿ ಅಂತ ಯಾರೂ ಯೋಳಿಲ್ಲ" ಅಂತಾನೆ. ಅಕ್ಕ ಮಧ್ಯದಲ್ಲಿ ನಿಂತ್ಕಂಡು ಎಲ್ಲರಿಗೂ ಫೋನ್ ಮಾಡ್ತಾ ಕಬ್ಬಿನ ಸೀಸನ್ನೇ ಮುಗಿದೋಯ್ತದೆ. ಅದಕ್ಕೇ ನಾನು ಒಬ್ಬರಿಗೆ ಕೊಡಿ ಅಂದಿದ್ದು.

ಮದ್ದೂರು ಕಂಟ್ರಾಕ್ಟರ್:
ಈ ಮಾತು ನೂರಕ್ಕೆ ನೂರು ಸತ್ಯ. ಆ ಬೋಲ್ಟಿನ ಗಲಾಟೆ ನಾನೇ ಕಣ್ಣಾರೆ ಕಂಡಿವ್ನಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಂದು ಇಂಚು ಆಚೀಚೆ ಆಗದೆ ಅಂದ್ರೆ ಕೊರೆದು ತೆಗೆಯೋದೇ.

ಕಡಕೊಳ ಫ್ಯಾಬ್ರಿಕೇಟರ್:
ಅದಕ್ಕೆ ಮದ್ದು ಇದೆ. ಗಾಣದ ಆರ್ಡರನ್ನ ಶೆಡ್ಡಿಗಿಂತ ಮೊದಲು ಕೊಡಿ. ಅಡ್ವಾನ್ಸ್ ತಗೊಂಡ ಮೇಲೆ ಮೆಷಿನ್ನಿನವರು ಮೊದಲು ಕೊಡಬೇಕಾದ್ದು ಫೌಂಡೇಶನ್ ಡ್ರಾಯಿಂಗ್, ಮೋಟರಿನ ಎಚ್‌ಪಿ, ಬೋಲ್ಟು ಕೂರಿಸೋ ತೂತಿನ ಟೆಂಪ್ಲೇಟ್ ಪ್ಲೇಟು. ಎರಡನೇ ಕಂತಿಗೆ ಇದನ್ನೇ ಷರತ್ತು ಮಾಡಿ. ಪಾಯ ಹಾಕೋ ದಿನ ಮೆಷಿನ್ನಿನ ಕಡೆಯ ಫಿಟ್ಟರ್ ಸೈಟಿಗೆ ಬಂದು ಟೆಂಪ್ಲೇಟ್ ಇಟ್ಟು, ಲೆವೆಲ್ ನೋಡಿ, ಸಹಿ ಮಾಡಿ ಹೋಗಲಿ. ಸಹಿ ಮಾಡಿದ ಮೇಲೆ ಅಳತೆ ಅವರ ತಲೆ ಮೇಲೆ.

ಹೆಬ್ಬಾಳ ರಿಂಗ್ ರೋಡ್:
ನಾಲೆ ಏರಿಯವರ ಆತಂಕ ನಿಜವಾದದ್ದು. ತುಂಡು ಹೆಚ್ಚಾದಷ್ಟೂ ತುಂಡುಗಳ ನಡುವಿನ ಜವಾಬ್ದಾರಿ ಕೊಳ್ಳೋರ ಮೇಲೆ ಬೀಳುತ್ತೆ. ಐದು ಬೇಡ, ಮೂರಕ್ಕೆ ನಿಲ್ಲಿಸಿ. ಗಾಣ-ಕೊಪ್ಪರಿಗೆ-ಒಲೆ ಒಂದು ಪ್ಯಾಕೇಜ್, ಬೆಲೆ ಫಿಕ್ಸೆಡ್. ಶೆಡ್ಡು, ಪಾಯ, ಒಳಗಿನ ವೈರಿಂಗ್ ಒಂದು, ಐಟಂ ರೇಟ್. ಬೋರ್‌ವೆಲ್ ಬೇರೆ. ಸೆಸ್ಕ್ (ಕರೆಂಟು ಕಂಪನಿ) ಕನೆಕ್ಷನ್ನು?

ನಿವೃತ್ತ ಎಇಇ:
ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಲಿ, ಸೆಸ್ಕ್‌ಗೆ ಸೂಪರ್‌ವಿಷನ್ ಚಾರ್ಜ್ ಕಟ್ಟಿ ಮಾಡಿಸಬಹುದು. ಮಂಜೂರಾದ ಎಸ್ಟಿಮೇಟ್ ಕೈಗೆ ಬಂದ ಮೇಲೆ ಅದು ಲಂಪ್‌ಸಮ್ಮಿಗೆ ಹೇಳಿ ಮಾಡಿಸಿದ ಕೆಲಸ. ಎಷ್ಟು ಕಂಬ, ಎಷ್ಟು ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಎಷ್ಟು ಕೆವಿಎ, ಎಲ್ಲ ಅದರಲ್ಲಿರುತ್ತದೆ.

ಬೆಲ್ಲದಚ್ಚು:
ಸಿಮೆಂಟು, ಕಬ್ಬಿಣ ನಾವೇ ತಂದುಕೊಟ್ಟು ಬರೀ ಕೂಲಿ ಗುತ್ತಿಗೆ ಕೊಟ್ಟರೆ ಹೇಗೆ? 2021-22ರಲ್ಲಿ ಕಬ್ಬಿಣದ ರೇಟು ಏರಿದಾಗ ನಮ್ಮೂರಲ್ಲಿ ಎಷ್ಟೋ ಮನೆ ಕೆಲಸ ನಿಂತಿದ್ದು ನೋಡಿದ್ದೀವಿ, ಆ ಭಯ.

ಮದ್ದೂರು ಕಂಟ್ರಾಕ್ಟರ್:
ಮನೆ ಕಟ್ಟೋರು ನಮ್ಮ ಕಡೆ ಜಾಸ್ತಿ ಹಂಗೇ ಮಾಡೋದು, ಅವರೇ ಸೈಟಲ್ಲಿ ನಿಂತಿರ್ತಾರೆ. ಕಂಪನಿಗೆ ಯಾರು ನಿಂತ್ಕತಾರೆ? ರಾತ್ರಿ ಮೂಟೆ ಎಣಿಸೋರು ಬೇಕು. ಮೇಸ್ತ್ರಿಗೆ ಮೂಟೆ ತನ್ನದಲ್ಲ ಅಂತ ಗೊತ್ತಾದ್ರೆ ಉಳಿಕೆ ಗಾರೆ ಅಲ್ಲೇ ಒಣಗ್ತದೆ. ಕಬ್ಬಿಣ ಮಾತ್ರ ನೀವು ತನ್ನಿ, ಅದು ತೂಕದ ಲೆಕ್ಕ, ಕಳ್ಳತನ ಗೊತ್ತಾಯ್ತದೆ. ಇಲ್ಲದಿದ್ರೆ ಒಪ್ಪಂದದಲ್ಲಿ ಒಂದು ಮೂಲ ದರ ಬರೀರಿ: ಕಬ್ಬಿಣ ಟನ್‌ಗೆ ಇಷ್ಟು ಅಂತ. ಶೇ. 5ರ ಒಳಗೆ ಏರಿದ್ರೂ ಇಳಿದ್ರೂ ನನ್ನದು. ಅದರ ಮೇಲೆ ಏರಿದ್ರೆ ನೀವು ಕೊಡಿ, ಇಳಿದ್ರೆ ನಾನು ಬಿಟ್ಕೊಡ್ತೀನಿ. ಹಂಗೆ ಬರ್ದ್ರೆ ನಾನು ಭಯಕ್ಕೆ ಅಂತ ರೇಟಲ್ಲಿ ಏನೂ ಸೇರಿಸಲ್ಲ.

ಲೆಕ್ಕದಮ್ಮ:
ತೆರಿಗೆಗೂ ಇದೇ ತರಹದ ಒಂದು ಸಾಲು ಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಜಿಎಸ್‌ಟಿ ನೋಂದಣಿ ಇಲ್ಲದ ಮೇಸ್ತ್ರಿ ಜೊತೆ ಮೆಟೀರಿಯಲ್ ಸಹಿತ ಒಪ್ಪಂದ ಮಾಡಿಕೊಂಡವರಲ್ಲಿ, ತೆರಿಗೆ ಬದಲಾದರೆ ಏನು ಅಂತ ಬರೆಸಿಕೊಳ್ಳದವರಿಗೆ ಆ ಇಳಿಕೆಯಲ್ಲಿ ಪಾಲು ಕೇಳುವ ಹಕ್ಕೇ ಇರಲಿಲ್ಲ.

ಕರಿಕೋಟು:
ತಡವಾದರೆ ದಂಡ ಅನ್ನೋ ಕಲಮು ಎಲ್ಲರೂ ಹಾಕ್ತಾರೆ, ಮನಸ್ಸಿಗೆ ಬಂದ ಅಂಕಿ ಬರೀತಾರೆ. 1872ರ ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ ನೀವು ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಕೋರ್ಟು ಕೊಡೋದು ನ್ಯಾಯವಾದ ಪರಿಹಾರ. ದಿನಕ್ಕೆ 50,000 ಅಂತ ಬೆದರಿಸಿ ಬರೆದರೆ ಉಪಯೋಗ ಇಲ್ಲ. ಒಂದು ವಾರ ತಡವಾದರೆ ನಿಮ್ಮ ರೈತರ ಕಬ್ಬು ಎಲ್ಲಿಗೆ ಹೋಗುತ್ತೆ, ಅದರಿಂದ ಎಷ್ಟು ನಷ್ಟ ಅಂತ ಲೆಕ್ಕ ಮಾಡಿ ಆ ಅಂಕಿ ಬರೀರಿ, ಲೆಕ್ಕದ ಹಾಳೆ ಫೈಲಿನಲ್ಲಿರಲಿ. ಸೈಟು ಬಿಟ್ಟುಕೊಡೋದು, ಡ್ರಾಯಿಂಗ್ ಕೊಡೋದು, ಬಿಲ್ ಪಾಸ್ ಮಾಡೋದು ನಿಮ್ಮ ಕಡೆಯಿಂದ ತಡವಾದರೆ ಅಷ್ಟು ದಿನ ಅವರಿಗೆ ಹೆಚ್ಚುವರಿ ಸಮಯ ಅಂತಲೂ ಬರೀರಿ. ಅದಿಲ್ಲದಿದ್ದರೆ ನಿಮ್ಮ ದಂಡದ ಕಲಮು ಕೋರ್ಟಿನಲ್ಲಿ ನಿಲ್ಲೋದು ಕಷ್ಟ.

ಬೆಲ್ಲದಚ್ಚು:
ನಿನ್ನೆ ಬೋರ್ಡ್ ಸಭೆ ಆಯ್ತು. ಇಲ್ಲಿನ ಚರ್ಚೆಯನ್ನ ಮೊಬೈಲಿನಲ್ಲೇ ಓದಿ ಹೇಳಿದೆ. ಹಳೇ ಮೂರು ಕೊಟೇಶನ್ ಪಕ್ಕಕ್ಕಿಟ್ಟಿದ್ದೀವಿ. ಮೊದಲು ಸ್ಟ್ರಕ್ಚರಲ್ ಡ್ರಾಯಿಂಗು ಮತ್ತು ಬಿಓಕ್ಯು. ಅದಕ್ಕೆ ಮಂಡ್ಯದ ಒಬ್ಬ ಇಂಜಿನಿಯರಿಗೆ ಫೀಸು ನಿಗದಿ ಮಾಡಿದ್ದೀವಿ, ಅವರೇ ಆಮೇಲೆ ತಿಂಗಳ ಸಂಬಳಕ್ಕೆ ಸೈಟ್ ನೋಡ್ತಾರೆ. ಗಾಣದ ಆರ್ಡರ್ ಮುಂಚೆ, ಫಿಕ್ಸೆಡ್, ಕೊನೆಯ ಕಂತು ಟ್ರಯಲ್ ಆದ ಮೇಲೆ. ಶೆಡ್ಡು ಐಟಂ ರೇಟ್, ಟ್ರಸ್ಸು ಕೆಜಿ ಲೆಕ್ಕ ಮಿತಿ ಹಾಕಿ. ನಮ್ಮ ಡೈರೆಕ್ಟರ್ ಅಣ್ಣ ತಾವೇ ಎದ್ದು "ನನ್ನ ಭಾವಮೈದನೂ ಲಕೋಟೆ ಹಾಕ್ಲಿ, ನಾನು ಆಚೆ ಇರ್ತೀನಿ" ಅಂದರು. ನಾನು ಏನೂ ಹೇಳಬೇಕಾಗಲಿಲ್ಲ.

ಒಂದೇ ಒಂದು ಇತ್ಯರ್ಥ ಆಗಿಲ್ಲ. ರಿಟೆನ್ಶನ್ (ದೋಷ ಬಂದರೆ ಅಂತ ಬಿಲ್ಲಿನಲ್ಲಿ ಹಿಡಿದಿಡೋ ಹಣ) ಶೇ. 10 ಹಿಡಿಯೋಣ ಅಂತ ಕೆಲವರು, 5 ಸಾಕು ಅಂತ ಕೆಲವರು.

ಮದ್ದೂರು ಕಂಟ್ರಾಕ್ಟರ್:
10 ಹಿಡಿದ್ರೆ ಆ ದುಡ್ಡಿನ ಬಡ್ಡಿ ರೇಟಿನಲ್ಲೇ ಸೇರ್ಕತದೆ. ಪ್ರತಿ ಬಿಲ್ಲಲ್ಲಿ 5 ಹಿಡೀರಿ, ಒಂದು ಮಳೆಗಾಲ ಕಳೆದ ಮೇಲೆ ಬುಡಿ. ಸೋರ್ತದೋ ಇಲ್ವೋ ಅಂತ ಮಳೇನೇ ಯೋಳ್ತದೆ.

ನಿವೃತ್ತ ಎಇಇ:
ಶೇ. 5ಕ್ಕೆ ನನ್ನ ಸಹಮತ. ಅರ್ಧವನ್ನು ಕೆಲಸ ಮುಗಿದಾಗ, ಉಳಿದರ್ಧವನ್ನು ದೋಷ ಹೊಣೆಗಾರಿಕೆ ಅವಧಿ ಮುಗಿದಾಗ ಕೊಡಬಹುದು. ಆ ಅವಧಿಯೊಳಗೆ ಒಂದು ಪೂರ್ತಿ ಮಳೆಗಾಲ ಬರುವಂತೆ ನೋಡಿಕೊಳ್ಳಿ.

ನಾಲೆ ಏರಿ:
ಬೋರ್‌ವೆಲ್ ರೇಟಿನ ಬಗ್ಗೆ ಯಾರೂ ಮಾತೇ ಆಡಿಲ್ಲ. ಅದು ಅಡಿ ಲೆಕ್ಕವೇ, ಲಂಪ್‌ಸಮ್ ಯಾರೂ ಒಪ್ಪಲ್ಲ. ಆದ್ರೆ ಆಳಕ್ಕೆ ಹೋದಂಗೆಲ್ಲ ಅಡಿ ರೇಟು ಏರ್ತದೆ, ಆ ಪಟ್ಟಿ ಮೊದಲೇ ಬರೆಸ್ಕಳ್ಳಿ. ಕೇಸಿಂಗ್ ಪೈಪಿನ ಅಡಿ ಬೇರೆ ಲೆಕ್ಕ, ಎಷ್ಟು ಇಳಿಸಿದ್ರು ಅಂತ ನಿಮ್ಮೋರು ಒಬ್ರು ನಿಂತು ಎಣಿಸ್ಲಿ. ಎಷ್ಟು ಅಡಿಗೆ ನಿಲ್ಲಿಸಬೇಕು ಅಂತ ಗಾಡಿ ಬರೋ ಮುಂಚೆ ಬೋರ್ಡಿನಲ್ಲೇ ತೀರ್ಮಾನ ಮಾಡಿ, ರಾತ್ರಿ ಎರಡು ಗಂಟೇಲಿ ಧೂಳು ಕುಡೀತಾ "ಇನ್ನೊಂದು ಐವತ್ತಡಿ" ಅನ್ನೋದು ಬೇಡ. ಮತ್ತೆ ಅಕ್ಕ, ನಿಮ್ಮ ಜಾಗಕ್ಕೆ ದಾರಿ ಗದ್ದೆ ಬಯಲಲ್ಲೇ ತಾನೇ? ಬೋರ್ ಗಾಡಿಯವರಿಗೆ ಈಗಲೇ ಫೋನ್ ಮಾಡಿ. ವಿಸಿ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ್ರೆ ಆ ಲಾರಿ ಒಳಕ್ಕೆ ಇಳಿಯಲ್ಲ.

ಬೆಲ್ಲದಚ್ಚು:
ಹೌದಣ್ಣ, ದಾರಿ ಅಲ್ಲೇ. ಇವತ್ತೇ ಕೇಳ್ತೀನಿ.